ಕೆರೆಯ ಕಳೆಯನ್ನು ಕೋಡಿಗೆ ತಳ್ಳಬೇಡಿ: ಕೊಡಗಿನ ತೋಟದವರಿಗೂ ಪಂಚಾಯಿತಿಗಳಿಗೂ ಒಂದು ಬಹಿರಂಗ ಪತ್ರ

ಕೊಡಗಿನ ಕಾಫಿ ಬೆಳೆಗಾರರಿಗೆ, ಹೋಂಸ್ಟೇ ನಡೆಸುವವರಿಗೆ, ಗ್ರಾಮ ಪಂಚಾಯಿತಿಗಳ ಅಧ್ಯಕ್ಷರು ಮತ್ತು ಸದಸ್ಯರಿಗೆ, ಹಾಗೆಯೇ ಜಿಲ್ಲಾಡಳಿತಕ್ಕೆ,

ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಮಳೆಗಾಲದಲ್ಲಿ ಕೆರೆ ಕೋಡಿ ಬಿದ್ದಾಗ, ನೀರಿನ ಮೇಲೆ ತೇಲುವ ಕಳೆಯನ್ನು ಬಿದಿರಿನ ಗಳುವಿನಿಂದ ಕೋಡಿಯ ಕಡೆಗೆ ತಳ್ಳಿ ತೋಡಿಗೆ ಬಿಡುವ ಅಭ್ಯಾಸ ನಮ್ಮಲ್ಲಿದೆ. ಅದು ನಿಲ್ಲಬೇಕು. ನಾನು ಕೇಳುತ್ತಿರುವುದು ಇಷ್ಟೇ. ಯಾಕೆ ನಿಲ್ಲಬೇಕು, ಅದರ ಬದಲು ಏನು ಮಾಡಬಹುದು ಅನ್ನುವುದನ್ನು ಮುಂದೆ ಬರೆದಿದ್ದೇನೆ.

ಯಾರೂ ಕೆಟ್ಟ ಮನಸ್ಸಿನಿಂದ ಹಾಗೆ ಮಾಡುವುದಿಲ್ಲ. ಜೂನ್ ಕೊನೆಗೆ ಕೆರೆ ತುಂಬಿರುತ್ತದೆ. ತೋಟದಲ್ಲಿ ಬೇರೆ ಕೆಲಸ ಮಾಡಿಸಲು ಆಗದಷ್ಟು ಮಳೆ. ಆಗ ಇಬ್ಬರು ಪ್ಲಾಸ್ಟಿಕ್ ಹೊದ್ದು ಏರಿ ಮೇಲೆ ನಿಂತು ತಳ್ಳಿದರೆ ಅರ್ಧ ದಿನದಲ್ಲಿ ಕೆರೆ ಕ್ಲೀನ್. ಕೂಲಿ ಕಮ್ಮಿ, ಮುಕ್ಕಾಲು ಕೆಲಸ ನೀರೇ ಮಾಡಿಕೊಡುತ್ತದೆ. ‘ಬಿಡಿ ಸಾರ್, ಹೊಳೆಗೆ ಸೇರಿದ್ರೆ ಕೊಚ್ಚಿಕೊಂಡು ಹೋಗುತ್ತೆ’ ಎಂದು ಪಕ್ಕದ ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ್ ಒಮ್ಮೆ ನನಗೆ ಸಮಾಧಾನ ಹೇಳಿದ್ದರು. ಹೋಗುತ್ತೆ, ಸರಿ. ಎಲ್ಲಿಗೆ?

ನಮ್ಮ ಕಡೆಯ ತೋಡುಗಳ ನೀರು ಲಕ್ಷ್ಮಣತೀರ್ಥಕ್ಕೆ ಸೇರುತ್ತದೆ. ಅದು ಹುಣಸೂರು ದಾಟಿ ಕೆ.ಆರ್.ಎಸ್. ಹಿನ್ನೀರಿಗೆ ಸೇರುತ್ತದೆ. ಸೋಮವಾರಪೇಟೆ ಕಡೆಯ ಎಷ್ಟೋ ತೋಡುಗಳ ನೀರು ಹಾರಂಗಿಗೆ. ಬ್ರಹ್ಮಗಿರಿಯ ಪಶ್ಚಿಮ ಮಗ್ಗುಲಿನದು ಬರಪೊಳೆಯಾಗಿ ಕೇರಳಕ್ಕೆ ಇಳಿಯುತ್ತದೆ. ಕೊಡಗಿನಲ್ಲಿ ಎಲ್ಲಿ ನಿಂತು ಕಳೆ ತಳ್ಳಿದರೂ ಅದು ಇನ್ನೊಬ್ಬರ ನೀರಿಗೇ ಹೋಗುತ್ತದೆ. ನಮಗಿಂತ ಮೇಲೆ ಯಾರೂ ಇಲ್ಲ. ಹಾಗಾಗಿ ಮೇಲಿನಿಂದ ಬಂತು ಎಂದು ಬೇರೆಯವರನ್ನು ದೂರುವ ಅವಕಾಶ ನಮಗಿಲ್ಲ.

ಇನ್ನು, ಹರಿಯುವ ಹೊಳೆಯಲ್ಲಿ ಈ ಕಳೆ ಹೆಚ್ಚು ಕಾಲ ನಿಲ್ಲುವುದಿಲ್ಲ ಅನ್ನುವುದು ನಿಜ. ಅದಕ್ಕೆ ಬೇಕಿರುವುದು ನಿಂತ ನೀರು, ಇಲ್ಲವೇ ನಿಧಾನವಾಗಿ ಸರಿಯುವ ನೀರು. ಅಂಥ ಜಾಗಗಳು ದಾರಿಯುದ್ದಕ್ಕೂ ಇವೆ. ಕೆಳಗಿನ ಮನೆಯವರ ಗದ್ದೆ, ಅದರಾಚೆಯ ಕೆರೆ, ಚೆಕ್‌ಡ್ಯಾಂ, ಬೇಸಿಗೆಯಲ್ಲಿ ಹೊಳೆಯಲ್ಲಿ ಉಳಿಯುವ ಮಡುಗಳು, ಕೊನೆಗೆ ಅಣೆಕಟ್ಟಿನ ಹಿನ್ನೀರು. ತಳ್ಳಿದ ರಾಶಿಯಲ್ಲಿ ಎಲ್ಲವೂ ಮುಂದೆ ಹೋಗುವುದಿಲ್ಲ. ಒಂದೊಂದು ತುಂಡು ಒಂದೊಂದು ಕಡೆ ಸಿಕ್ಕಿಕೊಳ್ಳುತ್ತದೆ. ಈ ಗಿಡಕ್ಕೆ ಅಷ್ಟು ಸಾಕು.

ಯಾವ ಗಿಡದ ಬಗ್ಗೆ ಹೇಳುತ್ತಿದ್ದೇನೆ ಅನ್ನುವುದನ್ನು ಸ್ಪಷ್ಟಪಡಿಸಬೇಕು. ನಮ್ಮ ಕೆರೆಗಳಲ್ಲಿ ತೊಂದರೆ ಕೊಡುವುದು ಮುಖ್ಯವಾಗಿ ಎರಡು. ಒಂದು ನೇರಳೆ ಹೂವಿನ ಅಂತರಗಂಗೆ, ಅಂದರೆ ವಾಟರ್ ಹಯಸಿಂತ್. ತೊಟ್ಟು ಗಾಳಿ ತುಂಬಿಕೊಂಡು ಉಬ್ಬಿರುತ್ತದೆ, ಹೂವಿನ ಮೇಲಿನ ದಳದಲ್ಲಿ ಹಳದಿ ಚುಕ್ಕೆ. ಇದನ್ನು ಎಲ್ಲರೂ ನೋಡಿರುತ್ತೀರಿ. ಎರಡನೆಯದು ಸಾಲ್ವೀನಿಯಾ. ಕೇರಳದ ಕಡೆಯವರು ಆಫ್ರಿಕನ್ ಪಾಯಲ್ ಎನ್ನುತ್ತಾರೆ. ಇದು ಹೂ ಬಿಡುವುದಿಲ್ಲ, ಎತ್ತರಕ್ಕೆ ಬೆಳೆಯುವುದಿಲ್ಲ, ದೂರದಿಂದ ನೋಡಿದರೆ ಚಂದದ ಹಸಿರು. ಅದಕ್ಕೇ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನನಗೆ ಜಾಸ್ತಿ ಭಯ ಇದರದ್ದೇ.

ಒಂದು ಹಿಡಿ ಸಾಲ್ವೀನಿಯಾ ಎತ್ತಿ ನೋಡಿ. ಒಂದೊಂದು ಗಿಣ್ಣಿನಲ್ಲಿ ಮೂರು ಎಲೆ. ಎರಡು ಮೇಲೆ ತೇಲುತ್ತವೆ. ಮೂರನೆಯದು ನೀರಿನೊಳಗೆ ಕಂದು ಬಣ್ಣದ ದಾರದ ಕುಚ್ಚಾಗಿ ಇಳಿಬಿದ್ದಿರುತ್ತದೆ. ನಾವು ಬೇರು ಅಂದುಕೊಳ್ಳುವುದು ಅದನ್ನೇ, ನಿಜವಾದ ಬೇರು ಈ ಗಿಡಕ್ಕಿಲ್ಲ. ತೇಲುವ ಎಲೆಯ ಮೇಲೆ ಒಂದು ಹನಿ ನೀರು ಬಿಡಿ. ಒದ್ದೆಯಾಗುವುದಿಲ್ಲ, ಹನಿ ಉರುಳಿ ಬೀಳುತ್ತದೆ. ಕಣ್ಣಿನ ಹತ್ತಿರ ಹಿಡಿದರೆ ಎಲೆ ತುಂಬ ಬಿಳಿ ರೋಮ ಕಾಣುತ್ತದೆ. ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು: ಒಂದೊಂದು ರೋಮದ ತುದಿಯಲ್ಲೂ ನಾಲ್ಕು ಎಳೆ ಸೀಳಿ, ಬಾಗಿ, ಮತ್ತೆ ತುದಿಯಲ್ಲಿ ಕೂಡಿಕೊಂಡಿರುತ್ತವೆ, ಥೇಟ್ ಮೊಟ್ಟೆ ಕಡೆಯುವ ತಂತಿಯ ಹಾಗೆ. ಆ ಪಂಜರದೊಳಗೆ ಗಾಳಿ ನಿಲ್ಲುತ್ತದೆ. ಗಿಡವನ್ನು ನೀರಿನೊಳಗೆ ಅದುಮಿದರೂ ಮತ್ತೆ ಮೇಲೆ ಬರುತ್ತದೆ. ಔಷಧಿ ಸಿಂಪಡಿಸಿದರೂ ಎಲೆಗೆ ಸರಿಯಾಗಿ ಹತ್ತದೆ ಜಾರಿ ಹೋಗುವುದು ಇದೇ ಕಾರಣಕ್ಕೆ.

ಇನ್ನೊಂದು ವಿಚಿತ್ರ ನೋಡಿ. ಸಾಲ್ವೀನಿಯಾ ಒಂದು ಜರಿಗಿಡ. ಆದರೆ ಅದರ ಬೀಜಕಣಗಳು ಮೊಳೆಯುವುದಿಲ್ಲ. ಅದು ಬಂಜೆ ಗಿಡ. ಆಗ್ನೇಯ ಬ್ರೆಜಿಲ್‌ನಿಂದ ಹೊರಟು ಇಷ್ಟು ದೇಶಗಳಿಗೆ ಹರಡಿದ್ದು ಬರೀ ತುಂಡಾಗಿ ತುಂಡಾಗಿ. ಒಂದು ಗಿಣ್ಣು, ಅದರಲ್ಲೊಂದು ಜೀವ ಇರುವ ಮೊಗ್ಗು ಇದ್ದರೆ ಆಯಿತು. ಅಂದರೆ ಗಳುವಿನಿಂದ ಬಡಿದು ಬಡಿದು ತಳ್ಳುವಾಗ ನಾವು ಅದನ್ನು ಕೊಲ್ಲುತ್ತಿಲ್ಲ, ಸಸಿ ಮಾಡಿ ಕಳಿಸುತ್ತಿದ್ದೇವೆ.

ಬೆಚ್ಚಗಿನ, ಗೊಬ್ಬರದ ಅಂಶ ಇರುವ ನೀರು ಸಿಕ್ಕರೆ ಇದು ಹತ್ತು ದಿನದೊಳಗೇ ದುಪ್ಪಟ್ಟಾಗಬಲ್ಲದು. ಒಂದು ಲೆಕ್ಕ ಹಾಕೋಣ. ಫೆಬ್ರವರಿ ಕೊನೆಯಲ್ಲಿ ಕೆರೆ ಮೂಲೆಯಲ್ಲಿ ಒಂದು ಚದರ ಮೀಟರ್ ಕಳೆ ಉಳಿದಿದೆ ಅಂದುಕೊಳ್ಳಿ. ಹತ್ತು ದಿನಕ್ಕೆ ಎರಡಾಯಿತು, ಇಪ್ಪತ್ತಕ್ಕೆ ನಾಲ್ಕು. ಹೀಗೇ ಹನ್ನೆರಡು ಸಲ ದುಪ್ಪಟ್ಟಾದರೆ 4096 ಚದರ ಮೀಟರ್. ಅಂದರೆ ಒಂದು ಎಕರೆಗಿಂತ ಸ್ವಲ್ಪ ಜಾಸ್ತಿ. ಅದಕ್ಕೆ ಹಿಡಿಯುವುದು 120 ದಿನ. ಫೆಬ್ರವರಿ ಕೊನೆಯಿಂದ 120 ದಿನ ಅಂದರೆ ಜೂನ್ ಕೊನೆ. ಸರಿಯಾಗಿ ಕೆರೆ ಕೋಡಿ ಬೀಳುವ ಹೊತ್ತು. ನಿಜವಾದ ಕೆರೆಯಲ್ಲಿ ಲೆಕ್ಕ ಇಷ್ಟು ನೀಟಾಗಿ ನಡೆಯುವುದಿಲ್ಲ, ಒಂದಿಷ್ಟು ಹಿಂದೆ ಮುಂದೆ ಆಗುತ್ತದೆ. ಆದರೆ ಜೂನ್ ಮೊದಲ ವಾರದಲ್ಲಿ ‘ಅರ್ಧ ಕೆರೆ ಖಾಲಿ ಇದೆಯಲ್ಲ, ಆಮೇಲೆ ನೋಡೋಣ’ ಎಂದು ಬಿಟ್ಟವರು ಮೂರನೇ ವಾರದಲ್ಲಿ ಯಾಕೆ ಗಾಬರಿಯಾಗುತ್ತಾರೆ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ನಮಗೆ ಇದರ ಬಿಸಿ ತಟ್ಟುವುದು ಮಾತ್ರ ಮಳೆಗಾಲದಲ್ಲಲ್ಲ, ಬೇಸಿಗೆಯಲ್ಲಿ ರೊಬಸ್ಟಾ ಕಾಫಿಗೆ ಹೂ ನೀರು, ಅಂದರೆ ಹೂ ಅರಳಿಸುವ ನೀರು, ಕೊಡುವಾಗ. ಸ್ಪ್ರಿಂಕ್ಲರ್ ತಿರುಗುತ್ತಿರುತ್ತದೆ, ಇದ್ದಕ್ಕಿದ್ದಂತೆ ಜೆಟ್ ಸೋತು ಬೀಳುತ್ತದೆ. ಕೆರೆಯಲ್ಲಿ ಮುಳುಗಿರುವ ಪಂಪ್ ಪೈಪಿನ ತುದಿಯ ಫುಟ್‌ವಾಲ್ವ್ ಕಟ್ಟಿಕೊಂಡಿರುತ್ತದೆ. ಯಾರಾದರೂ ಸೊಂಟದವರೆಗೆ ನೀರಿಗಿಳಿದು ಕೈ ಹಾಕಿ ತೆಗೆಯಬೇಕು. ಜಾಲರಿಗೆ ಸುತ್ತಿಕೊಂಡ ಕಂದು ಕುಚ್ಚು, ಅದರೊಳಗೆ ಸಣ್ಣ ಬಸವನಹುಳು, ಕಪ್ಪು ಕೆಸರು. ಮೇಲಿನ ಹಸಿರನ್ನು ಪಕ್ಕಕ್ಕೆ ಸರಿಸಿದರೆ ಕೆಳಗಿನ ನೀರು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಅಲ್ಲಿ ಬೆಳಕಿಲ್ಲ. ಗಾಳಿ ಆಡದ, ಬಿಸಿಲು ಬೀಳದ ನೀರಿನಲ್ಲಿ ಪಾಚಿಯೂ ಬೆಳೆಯುವುದಿಲ್ಲ, ನೈದಿಲೆಯೂ ಏಳುವುದಿಲ್ಲ. ಮೇಲಿನಿಂದ ಸತ್ತು ಬಿದ್ದ ಕಳೆ ಕೊಳೆಯಲು ಇದ್ದಬದ್ದ ಆಮ್ಲಜನಕವನ್ನೂ ಎಳೆದುಕೊಳ್ಳುತ್ತದೆ. ಮೀನು ಬಾಯಿ ತೆರೆದು ಮೇಲೆ ಬರಲು ನೋಡಿದರೆ ಮೇಲೆ ಜಾಗವೇ ಇಲ್ಲ.

ಸಾಲ್ವೀನಿಯಾ ಹಾಸು ದಪ್ಪವಾದರೆ ಒಂದು ಮೀಟರ್‌ವರೆಗೂ ಹೋಗುತ್ತದೆ. ಅದರ ಮೇಲೆ ಹುಲ್ಲು ಹುಟ್ಟುತ್ತದೆ. ನೆಲ ಅಂದುಕೊಂಡು ಹಸು ಕಾಲಿಟ್ಟರೆ ಕತೆ ಮುಗಿಯಿತು. ಸೊಳ್ಳೆಯ ವಿಚಾರವೂ ಇದೆ. ಮ್ಯಾನ್ಸೋನಿಯಾ ಅನ್ನುವ ಜಾತಿಯ ಸೊಳ್ಳೆಯ ಮರಿಗಳು ಉಸಿರಿಗಾಗಿ ನೀರಿನ ಮೇಲೆ ಬರುವುದಿಲ್ಲ, ಇಂಥ ತೇಲುವ ಗಿಡಗಳ ಬೇರಿಗೋ ಬೇರಿನಂಥ ಕುಚ್ಚಿಗೋ ಚುಚ್ಚಿಕೊಂಡು ಅಲ್ಲಿಂದ ಗಾಳಿ ಎಳೆಯುತ್ತವೆ. ಆನೆಕಾಲು ರೋಗ ಹರಡುವ ಸೊಳ್ಳೆಗಳಲ್ಲಿ ಅದೂ ಒಂದು. ತೋಟದ ಕೆಲಸಗಾರರ ಲೈನ್ ಮನೆಗಳ ಪಕ್ಕದಲ್ಲೇ ಕೆರೆ ಇರುವವರು ಇದನ್ನು ನೆನಪಿಡಿ.

ಹೊಳೆಗಳ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಕಾವೇರಿಯ ಡುಬ್ಬದ ಮಹಶೀರ್ ಮೀನು ಜಗತ್ತಿನಲ್ಲಿ ಈ ನದಿಯ ಬಯಲು ಬಿಟ್ಟು ಬೇರೆಲ್ಲೂ ಇಲ್ಲ. 2018ರಲ್ಲಿ ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದ್ದಾರೆ. ಅದಕ್ಕೆ ಬೇಕಿರುವುದು ಸ್ವಚ್ಛವಾದ, ಆಮ್ಲಜನಕ ತುಂಬಿದ ಹರಿಯುವ ನೀರು ಮತ್ತು ಬೇಸಿಗೆ ಕಳೆಯಲು ಆಳದ ಮಡು. ಮರಳು ತೆಗೆದು, ಡೈನಮೈಟ್ ಹಾಕಿ ಹಾಳು ಮಾಡಿದ್ದು ಸಾಲದು ಅಂತ ಆ ಮಡುಗಳಿಗೂ ಕಳೆ ಮುಚ್ಚಿಸಬೇಕಾ?

ಸರಿ, ತೋಟದ ಮಧ್ಯದ ಕೆರೆಗೆ ಬ್ರೆಜಿಲ್‌ನ ಗಿಡ ಬರುವುದು ಹೇಗೆ? ದೊಡ್ಡ ರಹಸ್ಯವೇನಿಲ್ಲ. ಕೇರಳದಲ್ಲಿ ಇದು ಮೊದಲು ಕಂಡದ್ದು 1955ರಲ್ಲಿ, ತಿರುವನಂತಪುರದ ವೇಳಿ ಕೆರೆಯಲ್ಲಿ. ಆಮೇಲೆ ಕುಟ್ಟನಾಡಿನ ಗದ್ದೆ, ಕಾಲುವೆಗಳನ್ನೆಲ್ಲ ತುಂಬಿತು. ನಮ್ಮಲ್ಲಿ ಇದು ಓಡಾಡುವುದು ನಮ್ಮ ಜೊತೆಯಲ್ಲೇ. ಬಾಡಿಗೆಯ ಸ್ಪ್ರಿಂಕ್ಲರ್ ಸೆಟ್ ಈ ವಾರ ಒಬ್ಬರ ಕೆರೆ, ಮುಂದಿನ ವಾರ ಇನ್ನೊಬ್ಬರ ಕೆರೆ. ಪೈಪಿನೊಳಗೆ, ಫುಟ್‌ವಾಲ್ವ್ ಜಾಲರಿಯಲ್ಲಿ ಉಳಿದ ಎರಡು ಗಿಣ್ಣು ಸಾಕು. ಮೀನು ಮರಿ ತಂದು ಬಿಡುವಾಗ ಚೀಲದ ನೀರನ್ನೂ ಸುರಿಯುತ್ತೇವೆ. ಬಲೆಯನ್ನು ಒಣಗಿಸದೆ ಬೇರೆ ಕೆರೆಗೆ ಹಾಕುತ್ತೇವೆ. ಹೋಂಸ್ಟೇ ಅಂಗಳದ ಸಿಮೆಂಟ್ ತೊಟ್ಟಿಗೆ ಚಂದಕ್ಕೆ ಅಂತ ನರ್ಸರಿಯಿಂದ ತಂದ ತೇಲುವ ಗಿಡ ಜಾಸ್ತಿಯಾದರೆ ಹಿಂದಿನ ತೋಡಿಗೆ ಎಸೆಯುತ್ತೇವೆ. ಅಕ್ವೇರಿಯಂ ಬೇಜಾರಾದವರೂ ಅಷ್ಟೆ. ಬೇಸಿಗೆಯಲ್ಲಿ ಕೆರೆಗಿಳಿಯುವ ಆನೆಯ ಮೈಗೆ ಅಂಟಿಕೊಂಡೂ ಹೋಗಬಹುದು. ಆನೆಗೆ ಬಹಿರಂಗ ಪತ್ರ ಬರೆದು ಪ್ರಯೋಜನವಿಲ್ಲ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಬಂದ ಗಿಡಕ್ಕೆ ಊಟ ಹಾಕುವವರೂ ನಾವೇ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ನೀರು ಕೆರೆಗೋ ತೋಡಿಗೋ ಇಳಿಯುತ್ತದೆ. ಮಳೆ ಬರುತ್ತೆ ಅಂತ ಗೊತ್ತಿದ್ದೂ ಹಿಂದಿನ ದಿನ ಗೊಬ್ಬರ ಹಾಕಿದರೆ ಅರ್ಧ ಕೊಚ್ಚಿಕೊಂಡು ಕೆರೆ ಸೇರುತ್ತದೆ. ಪೇಟೆಗಳ, ರೆಸಾರ್ಟುಗಳ ಕೊಳಚೆ ನೀರು ಸುಮ್ನೆ ಹೊಳೆ ಕಡೆ ಹರಿಯುತ್ತದೆ. ಸಾರಜನಕ ಜಾಸ್ತಿ ಇರುವ ನೀರಿನಲ್ಲಿ ಈ ಎರಡೂ ಕಳೆ ಬೆಳೆಯುವ ವೇಗವೇ ಬೇರೆ. ಇದನ್ನು ಸರಿ ಮಾಡದೆ ಕಳೆ ಮಾತ್ರ ತೆಗೆಯುತ್ತೇವೆ ಅಂದರೆ ವರ್ಷ ವರ್ಷ ಅದೇ ಕೆಲಸ.

ಸಾಮಾನ್ಯವಾಗಿ ಜನ ಎರಡು ದಾರಿ ಹೇಳುತ್ತಾರೆ. ಒಂದು ಕಳೆನಾಶಕ ಔಷಧಿ. ‘ಗ್ಲೈಫೋಸೇಟ್ ಹೊಡೆದುಬಿಡಿ, ಒಂದು ವಾರದಲ್ಲಿ ಒಣಗುತ್ತೆ.’ ದಯವಿಟ್ಟು ಬೇಡ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟ್ ಬಳಕೆಯನ್ನು ನಿರ್ಬಂಧಿಸಿದೆ, ಪರವಾನಗಿ ಇರುವ ಕೀಟ ನಿಯಂತ್ರಕರು ಮಾತ್ರ ಬಳಸಬೇಕು ಅಂತ. ಕಾನೂನು ಪಕ್ಕಕ್ಕಿಟ್ಟರೂ, ಇಡೀ ಕೆರೆಯ ಕಳೆ ಒಟ್ಟಿಗೆ ಸತ್ತು ತಳಕ್ಕೆ ಇಳಿದರೆ ಅದು ಕೊಳೆಯುವಾಗ ಮೀನೆಲ್ಲ ಸಾಯುತ್ತವೆ. ಆ ನೀರನ್ನೇ ಲೈನ್ ಮನೆಯವರು ಬಳಸುತ್ತಾರೆ, ದನ ಕುಡಿಯುತ್ತವೆ. ನಮ್ಮ ಕೆರೆಯ ನೀರು ಕೊನೆಗೆ ಯಾರ ನಲ್ಲಿಗೆ ಹೋಗುತ್ತದೆ ಅಂತ ಯೋಚಿಸಿ. ಮೈಸೂರು, ಬೆಂಗಳೂರು ಕುಡಿಯುವುದು ಇದನ್ನೇ ಅಲ್ವಾ?

ಇನ್ನೊಂದು ಜೆಸಿಬಿ. ಇದು ಪೂರ್ತಿ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಹೇಗೆ ಮಾಡಿಸುತ್ತಾರೆ ನೋಡಿ. ಕೆಲವು ವರ್ಷಗಳ ಹಿಂದೆ ಒಂದು ಸಾರ್ವಜನಿಕ ಕೆರೆಯಲ್ಲಿ ಟೆಂಡರ್ ಕರೆದು ಕಳೆ ತೆಗೆಸಿದರು. ಕೆಲಸ ಶುರುವಾಗಿದ್ದೇ ಮೇ ಕೊನೆಗೆ. ತೆಗೆದದ್ದನ್ನು ಏರಿಯ ಒಳಮಗ್ಗುಲಿಗೇ ರಾಶಿ ಹಾಕಿದರು. ಒಳ್ಳೆಯ ಮಳೆ ಬಂದದ್ದೇ ತಡ, ರಾಶಿ ಜಾರಿ ಮತ್ತೆ ನೀರಿಗೆ ಬಂತು. ಅಷ್ಟರಲ್ಲಿ ಫೋಟೋ ತೆಗೆದಾಗಿತ್ತು, ಬಿಲ್ಲೂ ಪಾಸಾಗಿತ್ತು. ಆ ಕೆರೆಯ ಕೋಡಿಯ ಕೆಳಗಿನ ಗದ್ದೆಯವರು ಆ ವರ್ಷ ನಾಟಿಗೆ ಮೊದಲು ಸಾಲ್ವೀನಿಯಾ ಬಾಚುವುದೇ ಕೆಲಸ ಮಾಡಿಕೊಂಡರು. ಯಾವ ಕಚೇರಿಯ ಕೆಲಸ ಅಂತ ಇಲ್ಲಿ ಬರೆಯುವುದಿಲ್ಲ. ಈ ಥರದ್ದು ಒಂದೇ ಕಡೆ ಆಗಿರಲಾರದು.

ಹಾಗಾದರೆ ಏನು ಮಾಡಬೇಕು? ನನ್ನ ಅಭಿಪ್ರಾಯದಲ್ಲಿ ಮೊದಲನೆಯದು ಕಾಲ. ಹೂ ನೀರು ಕೊಟ್ಟು ಮುಗಿಯುವ ಹೊತ್ತಿಗೆ ಕೆರೆಗಳು ವರ್ಷದಲ್ಲೇ ಅತಿ ಕಮ್ಮಿ ನೀರಿಗೆ ಇಳಿದಿರುತ್ತವೆ. ಕಳೆ ಸಣ್ಣ ಜಾಗಕ್ಕೆ ಒತ್ತಿಕೊಂಡಿರುತ್ತದೆ. ಅಂಚಿನಲ್ಲಿದ್ದದ್ದು ಕೆಸರಿನ ಮೇಲೆ ಕೂತಿರುತ್ತದೆ. ಮೇಲೆ ಸುಡುಬಿಸಿಲು. ತೆಗೆಯಲು ಇದಕ್ಕಿಂತ ಸುಲಭದ, ಇದಕ್ಕಿಂತ ಅಗ್ಗದ ಸಮಯ ಇನ್ನೊಂದಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ತೆಗೆದರೆ ಒಣಗುತ್ತದೆ, ಜೂನ್‌ನಲ್ಲಿ ತೆಗೆದರೆ ಚಿಗುರುತ್ತದೆ.

ತೆಗೆದದ್ದನ್ನು ಏರಿಯ ಹೊರಗೆ, ಮಳೆ ನೀರು ಮತ್ತೆ ಕೆರೆಗೋ ತೋಡಿಗೋ ಎಳೆಯದಷ್ಟು ಎತ್ತರದಲ್ಲಿ ಹಾಕಬೇಕು. ಹಸಿ ಕಳೆಯ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಬರೀ ನೀರು. ಅದನ್ನು ಲಾರಿಗೆ ತುಂಬಿ ಸಾಗಿಸುವುದು ಅಂದರೆ ದುಡ್ಡು ಕೊಟ್ಟು ನೀರು ಹೊರಿಸಿದ ಹಾಗೆ. ತೆಳುವಾಗಿ ಹರಡಿ ಒಣಗಲು ಬಿಡಿ, ರಾಶಿ ಎಷ್ಟು ಕುಗ್ಗುತ್ತದೆ ನೋಡಿ ನಿಮಗೇ ಆಶ್ಚರ್ಯವಾಗುತ್ತದೆ. ಪೂರ್ತಿ ಒಣಗಿದ ಸಾಲ್ವೀನಿಯಾವನ್ನು ಕಾಫಿ ಬುಡಕ್ಕೆ ಮುಚ್ಚಿಗೆಯಾಗಿ ಹಾಕಬಹುದು. ಅಂತರಗಂಗೆಯಾದರೆ ಹೂ ಬಿಟ್ಟ ಮೇಲೆ ತೆಗೆದದ್ದನ್ನು ಹಾಕಬೇಡಿ. ಅದು ಬೀಜ ಕಟ್ಟುತ್ತದೆ, ಆ ಬೀಜ ಕೆಸರಿನಲ್ಲಿ ಇಪ್ಪತ್ತು ವರ್ಷದವರೆಗೂ ಜೀವ ಹಿಡಿದುಕೊಂಡಿರಬಲ್ಲದು. (ಅಂತರಗಂಗೆಯ ದಂಟಿನಲ್ಲಿ ಬುಟ್ಟಿ, ಚೀಲ ಹೆಣೆಯಬಹುದು, ಹೆಣೆಯುವವರೂ ಇದ್ದಾರೆ. ಒಳ್ಳೆಯದೇ. ಆದರೆ ಬುಟ್ಟಿ ಹೆಣೆದು ಕೆರೆ ಖಾಲಿ ಮಾಡುತ್ತೇವೆ ಅನ್ನುವ ಯೋಜನಾ ವರದಿಗಳನ್ನು ಮಾತ್ರ ನಂಬಬೇಡಿ.)

ಒಂದು ಸಲ ತೆಗೆದು ಕೈ ತೊಳೆದುಕೊಂಡರೆ ಆಗುವುದಿಲ್ಲ. ಮೇಲಿನ ಲೆಕ್ಕದಲ್ಲಿ ಹೇಳಿದ ಆ ಒಂದು ಚದರ ಮೀಟರ್ ಎಲ್ಲಾದರೂ ಮೂಲೆಯ ಜೊಂಡಿನಲ್ಲಿ ಅಡಗಿರುತ್ತದೆ. ಎಳೆಯ ಸಾಲ್ವೀನಿಯಾದ ರೂಪವೂ ಬೇರೆ. ಉಗುರಿನಷ್ಟು ಚಿಕ್ಕ, ಚಪ್ಪಟೆ ಎಲೆ, ನೀರಿಗೆ ಅಂಟಿಕೊಂಡಂತೆ ಇರುತ್ತದೆ. ಒತ್ತೊತ್ತಾಗಿ ಬೆಳೆದಾಗ ಮಡಚಿಕೊಂಡು ನಿಲ್ಲುವ ದೊಡ್ಡ ಎಲೆಯನ್ನೇ ನೋಡಿ ಗೊತ್ತಿರುವವರು ಇದು ಬೇರೆ ಯಾವುದೋ ಗಿಡ ಅಂದುಕೊಂಡು ಬಿಟ್ಟುಬಿಡುತ್ತಾರೆ. ಮಳೆ ಹಿಡಿಯುವವರೆಗೆ ವಾರಕ್ಕೊಮ್ಮೆ ಯಾರಾದರೂ ಒಬ್ಬರು ಕುಕ್ಕೆ ಹಿಡಿದು ಕೆರೆ ಅಂಚು ಸುತ್ತಿ ಕಂಡದ್ದನ್ನು ಹೆಕ್ಕಬೇಕು. ಬೇಜಾರಿನ ಕೆಲಸ, ನಿಜ. ಆದರೆ ಕೆರೆ ಉಳಿಯುವುದು ಆ ಕೆಲಸದಿಂದಲೇ.

ಕೋಡಿಯ ಮುಂದೆ ಬಿದಿರು ಕಟ್ಟುವುದನ್ನೂ ಎಲ್ಲರೂ ಮಾಡಬಹುದು. ಕೋಡಿಗೇ ಬಲೆ ಹಾಕಬೇಡಿ. ಕಸ ಕಟ್ಟಿಕೊಂಡು ನೀರು ಏರಿ ಮೇಲೆ ಹತ್ತಿದರೆ ಏರಿಯೇ ಒಡೆಯುತ್ತದೆ. 2018ರ ಆಗಸ್ಟ್ ಪ್ರವಾಹ ನೋಡಿದವರಿಗೆ ನೀರು ಏನು ಮಾಡಬಲ್ಲದು ಅಂತ ಬಿಡಿಸಿ ಹೇಳಬೇಕಿಲ್ಲ. ಕೋಡಿಯಿಂದ ಸ್ವಲ್ಪ ಹಿಂದೆ, ಈ ದಡದಿಂದ ಆ ದಡಕ್ಕೆ, ಉದ್ದ ಬಿದಿರುಗಳನ್ನು ತುದಿಗೆ ತುದಿ ಸೇರಿಸಿ ಹಗ್ಗದಲ್ಲಿ ಬಿಗಿದು ತೇಲಿಬಿಡಿ. ಹಗ್ಗ ಸ್ವಲ್ಪ ಸಡಿಲ ಇರಲಿ, ನೀರು ಏರಿದ ಹಾಗೆ ಬಿದಿರೂ ಏರಬೇಕು. ನೀರು ಅಡಿಯಿಂದ ಹೋಗುತ್ತದೆ, ತೇಲುವ ಕಳೆ ಬಿದಿರಿಗೆ ತಾಗಿ ನಿಲ್ಲುತ್ತದೆ. ನಮ್ಮ ಕೆರೆಗೆ ಹಾಗೇ ಕಟ್ಟಿದ್ದೇವೆ. ನೂರಕ್ಕೆ ನೂರು ತಡೆಯುವುದಿಲ್ಲ. ಜೋರು ಗಾಳಿಗೆ ಒಂದಿಷ್ಟು ನುಸುಳುತ್ತದೆ. ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ವಾಸಿ.

ಇಲ್ಲಿಯವರೆಗೆ ಹೇಳಿದ್ದು ತೋಟದವರು, ಪಂಚಾಯಿತಿಯವರು ಮಾಡಬಹುದಾದ್ದು. ಕೈಯಲ್ಲಿ ತೆಗೆಯಲಾಗದಷ್ಟು ದೊಡ್ಡ ಕೆರೆ, ಹಿನ್ನೀರುಗಳಿಗೆ ಬೇರೆಯದೇ ಉಪಾಯ ಬೇಕು. ಆ ಉಪಾಯ ಇದೆ, ಹಳೆಯದು, ನಮ್ಮ ರಾಜ್ಯದಲ್ಲೇ ಗೆದ್ದದ್ದು. ಜಿಲ್ಲಾಡಳಿತ ಈ ಭಾಗವನ್ನು ಗಮನವಿಟ್ಟು ಓದಬೇಕು ಅಂತ ಕೇಳಿಕೊಳ್ಳುತ್ತೇನೆ.

ಸಾಲ್ವೀನಿಯಾವನ್ನು ಮಾತ್ರ ತಿನ್ನುವ ಒಂದು ಕಪ್ಪು ಮೂತಿಹುಳು ಇದೆ. ಉದ್ದ ಎರಡು ಮಿಲಿಮೀಟರ್ ಅಷ್ಟೆ. ಹೆಸರು ಸಿರ್ಟೋಬೇಗಸ್ ಸಾಲ್ವೀನಿಯೇ. ದೊಡ್ಡ ಹುಳು ಮೊಗ್ಗು ತಿನ್ನುತ್ತದೆ, ಮರಿ ಕಾಂಡ ಕೊರೆಯುತ್ತದೆ. ಮೊಗ್ಗೂ ಇಲ್ಲ, ಕಾಂಡವೂ ಇಲ್ಲ ಅಂದ ಮೇಲೆ ತುಂಡಿನಿಂದ ಬೆಳೆಯುವ ಗಿಡ ಇನ್ನೇನು ಮಾಡೀತು? ಕಂದು ಬಣ್ಣಕ್ಕೆ ತಿರುಗಿ ಮುಳುಗುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಮೂಂಡರಾ ಸರೋವರದಲ್ಲಿ 1980ರಲ್ಲಿ ಇದನ್ನು ಬಿಟ್ಟರು. ವರ್ಷದ ಮೇಲೆ ಸ್ವಲ್ಪ ಕಾಲದಲ್ಲಿ ಸರೋವರ ಬಿಡುಗಡೆಯಾಯಿತು. ಅಲ್ಲಿಂದ ಪಪುವಾ ನ್ಯೂಗಿನಿಯ ಸೆಪಿಕ್ ನದಿಗೆ ಹೋಯಿತು. ಕಳೆಯಿಂದ ದೋಣಿ ಓಡಾಟವೇ ನಿಂತುಹೋಗಿದ್ದ ನದಿ ಅದು. ಅಲ್ಲೂ ಗೆದ್ದಿತು. ಕೇರಳದಲ್ಲೂ 1980ರ ದಶಕದಲ್ಲಿ ಇದನ್ನು ಬಿಟ್ಟು ಒಳ್ಳೆಯ ಫಲ ಕಂಡರು. ಈಚಿನ ವರ್ಷಗಳಲ್ಲಿ ಮಧ್ಯಪ್ರದೇಶದ ಸಾರಣಿಯ ಜಲಾಶಯದಲ್ಲೂ ಇದೇ ಹುಳು ಕೆಲಸ ಮಾಡಿದೆ.

ಬೆಂಗಳೂರಿನ ಕತೆ ನಮಗೆ ಇನ್ನೂ ಹತ್ತಿರದ್ದು. 1983–84ರಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ ಈ ಹುಳುವನ್ನು ಬಿಟ್ಟರು. ಹನ್ನೊಂದು ತಿಂಗಳಲ್ಲಿ ಸಾಲ್ವೀನಿಯಾ ಕುಸಿಯಿತು. ಅಡಿಯಲ್ಲಿ ಉಸಿರು ಕಟ್ಟಿ ಕೂತಿದ್ದ ನೈದಿಲೆ ಮತ್ತೆ ಎದ್ದಿತು. ಈಗ ಇನ್ನೊಂದು ವಿಷಯ ಹೇಳುತ್ತೇನೆ. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ ಇದೆಯಲ್ಲ, ನಾವು ಕಿತ್ತಳೆ, ಬೆಣ್ಣೆಹಣ್ಣಿನ ಗಿಡಕ್ಕೆ ಹೋಗುವ ಜಾಗ, ಅದು ಇದೇ ಸಂಸ್ಥೆಯದು. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರವೂ ಇದೇ ಸಂಸ್ಥೆಯ ಕೈಕೆಳಗಿನದು. ಬೆಂಗಳೂರಿನ ಹೆಬ್ಬಾಳದಲ್ಲಿ ಇಂಥ ಉಪಕಾರಿ ಕೀಟಗಳಿಗೇ ಮೀಸಲಾದ ರಾಷ್ಟ್ರೀಯ ಸಂಸ್ಥೆ ಇದೆ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜಿದೆ. ಜ್ಞಾನ ಇದೆ, ಜನ ಇದ್ದಾರೆ, ಕೆರೆಯೂ ಇದೆ. ಇವರನ್ನೆಲ್ಲ ಒಂದು ಮೇಜಿನ ಸುತ್ತ ಕೂರಿಸುವ ಕೆಲಸ ಮಾತ್ರ ಆಗಬೇಕಿದೆ. ಅದನ್ನು ಮಾಡಬಲ್ಲವರು ಜಿಲ್ಲಾಡಳಿತದವರು.

ಹುಳು ಬಿಟ್ಟ ಮಾತ್ರಕ್ಕೆ ಎಲ್ಲ ಮುಗಿಯಿತು ಅಂತಲ್ಲ. ಚಳಿಯಲ್ಲಿ ಅದರ ಸಂತಾನ ನಿಧಾನ. ಮಡಿಕೇರಿಯ ಎತ್ತರದ ಕೆರೆಗಳಲ್ಲಿ ಕುಶಾಲನಗರ, ವಿರಾಜಪೇಟೆ ಕಡೆಗಿಂತ ತಡವಾಗಬಹುದು. ಕುಶಾಲನಗರ ಹೆಚ್ಚೂಕಡಿಮೆ ಬೆಂಗಳೂರಿನ ಎತ್ತರದಲ್ಲೇ ಇದೆ, ಅಲ್ಲಿಂದ ಶುರು ಮಾಡಬಹುದು. ಹುಳು ಬಿಟ್ಟ ಕೆರೆಯಲ್ಲಿ ಪೂರ್ತಿ ಕಳೆಯನ್ನು ಒಮ್ಮೆಲೇ ಎತ್ತಿಹಾಕಬಾರದು, ಹುಳುವಿಗೆ ಊಟ ಉಳಿಯಬೇಕು. ಒಂದು ಇಲಾಖೆ ಹುಳು ಬಿಟ್ಟು, ಇನ್ನೊಂದು ಇಲಾಖೆ ಮರುತಿಂಗಳೇ ಜೆಸಿಬಿ ಇಳಿಸಿದರೆ ಎರಡರ ದುಡ್ಡೂ ನೀರಿಗೆ.

ಇನ್ನು, ಹುಳು ತರುವ ಮೊದಲು ಗಿಡವನ್ನು ಸರಿಯಾಗಿ ಗುರುತಿಸಬೇಕು. ಇದರಲ್ಲಿ ದೊಡ್ಡ ದೊಡ್ಡವರೇ ಎಡವಿದ್ದಾರೆ. ಬಹಳ ಕಾಲ ವಿಜ್ಞಾನಿಗಳು ಈ ಸಾಲ್ವೀನಿಯಾವನ್ನು ಅದರ ಸಂಬಂಧಿಯೊಂದು ಅಂದುಕೊಂಡಿದ್ದರು. ಆ ಸಂಬಂಧಿ ಗಿಡ ಬೆಳೆಯುವ ನಾಡಿನಿಂದ ಕೀಟಗಳನ್ನು ತಂದು ಬಿಟ್ಟರು, ಸರಿಹೋಗಲಿಲ್ಲ. 1972ರಲ್ಲಿ ಇದು ಬೇರೆಯೇ ಜಾತಿ ಅಂತ ಹೆಸರಿಟ್ಟರು. ಆಮೇಲೆ ಆಗ್ನೇಯ ಬ್ರೆಜಿಲ್‌ನಲ್ಲಿ ಅದರ ತವರು ಸಿಕ್ಕಿತು, ಅಲ್ಲೇ ಈ ಹುಳುವೂ ಸಿಕ್ಕಿತು.

ನಮ್ಮ ಕೆರೆಗಳಲ್ಲಿ ಎರಡು ಕಳೆ ಬೆರೆತು ಬೆಳೆದಿರುವುದೂ ಉಂಟು. ಅಂತರಗಂಗೆಗೆ ಈ ಹುಳು ಉಪಯೋಗವಿಲ್ಲ. ಅದಕ್ಕೆ ನಿಯೋಕೆಟಿನಾ ಅನ್ನುವ ಬೇರೆ ಮೂತಿಹುಳುಗಳಿವೆ, ಅವು 1980ರ ದಶಕದ ಮೊದಲಲ್ಲೇ ಬೆಂಗಳೂರಿಗೆ ಬಂದವು. ಕೊಳಚೆ ನೀರು ತುಂಬಿದ ಕೆರೆಯಲ್ಲಿ ಮಾತ್ರ ಗಿಡ ಬೆಳೆಯುವ ವೇಗಕ್ಕೆ ಹುಳು ಹೆಣಗಬೇಕಾಗುತ್ತದೆ. ಮತ್ತೆ ಅದೇ ಪಲ್ಪರ್ ನೀರು, ಅದೇ ಚರಂಡಿಯ ಪ್ರಶ್ನೆ.

‘ಅಷ್ಟು ದೊಡ್ಡ ವಿಷಯವಾ ಇದು?’ ಅಂತ ಕೇಳುವವರಿಗೆ ಎರಡು ಮಾಹಿತಿ. ಬಂಗಾಳದಲ್ಲಿ ಅಂತರಗಂಗೆಯಿಂದ ಭತ್ತದ ಗದ್ದೆ, ದೋಣಿ ದಾರಿ ಎಲ್ಲ ಹಾಳಾಗಿ 1936ರಲ್ಲಿ ಅದಕ್ಕೆಂದೇ ಒಂದು ಕಾಯಿದೆ ತಂದರು. ಇನ್ನು ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿ ಅಂತ ಒಂದಿದೆ. ಅಂತರಗಂಗೆ ಅದರಲ್ಲಿ ಮೊದಲಿನಿಂದಲೂ ಇದೆ. ದನಗಳ ರಿಂಡರ್‌ಪೆಸ್ಟ್ ರೋಗ ಜಗತ್ತಿನಿಂದಲೇ ನಿರ್ಮೂಲವಾದಾಗ ಪಟ್ಟಿಯಲ್ಲಿ ಒಂದು ಜಾಗ ಖಾಲಿಯಾಯಿತು. 2013ರಲ್ಲಿ ಆ ಜಾಗಕ್ಕೆ ಸೇರಿಸಿದ್ದು ಸಾಲ್ವೀನಿಯಾವನ್ನು.

ಈಗ ನಾನು ಕೇಳುವುದು. ಪಂಚಾಯಿತಿಯವರು ಮಳೆಗಾಲಕ್ಕೆ ಮೊದಲಿನ ಗ್ರಾಮಸಭೆಯಲ್ಲಿ ಈ ವಿಷಯ ಇಡಿ. ಕಳೆಯನ್ನು ತೋಡಿಗೆ, ಹೊಳೆಗೆ ಬಿಡುವಂತಿಲ್ಲ ಎಂದು ನಿರ್ಣಯ ಮಾಡಿ, ಯಾವ ಯಾವ ಕೆರೆಯಲ್ಲಿ ಯಾವ ಕಳೆ ಇದೆ ಅಂತ ಒಂದು ಪಟ್ಟಿ ಬರೆಸಿ. ಕೆರೆ ಕೆಲಸದ ಟೆಂಡರ್ ಕರೆಯುವವರು ಏಪ್ರಿಲ್ ಒಳಗೆ ಮುಗಿಯಬೇಕು, ರಾಶಿ ಏರಿಯ ಹೊರಗೆ ಬೀಳಬೇಕು, ಮಳೆ ಶುರುವಾದ ಮೇಲೆ ಒಮ್ಮೆ ಕೆರೆ ನೋಡಿಯೇ ಕೊನೆಯ ಬಿಲ್ ಕೊಡಬೇಕು ಅನ್ನುವ ಮೂರು ಷರತ್ತು ಹಾಕಲಿ. ಸ್ಪ್ರಿಂಕ್ಲರ್ ಸೆಟ್ ಬಾಡಿಗೆಗೆ ಕೊಡುವವರು ಪೈಪು, ಫುಟ್‌ವಾಲ್ವ್ ಬಿಚ್ಚಿ ಬಿಸಿಲಿಗೆ ಒಣಗಿಸಿಯೇ ಮುಂದಿನ ತೋಟಕ್ಕೆ ಕಳಿಸಲಿ. ಹೋಂಸ್ಟೇಯವರು ತೊಟ್ಟಿಯ ಗಿಡ ಎಸೆಯಬೇಕಾದರೆ ಗೊಬ್ಬರದ ಗುಂಡಿಗೆ ಎಸೆಯಲಿ. ಜಿಲ್ಲಾಡಳಿತ ಒಂದು ಕೆರೆಯನ್ನಾದರೂ ಆರಿಸಿಕೊಂಡು ಹುಳುವಿನ ಪ್ರಯೋಗ ಶುರು ಮಾಡಿಸಲಿ. ಸಾರ್ವಜನಿಕ ಕೆರೆ ಸಿಗುವುದು ತಡವಾದರೆ ನಮ್ಮ ಕೆರೆ ಕೊಡಲು ನಾನು ತಯಾರು.

ತೇಲುವ ಬಿದಿರು ಹೇಗೆ ಕಟ್ಟುವುದು ಅಂತ ನೋಡಬೇಕು ಅನ್ನುವವರು ಯಾವ ಭಾನುವಾರವಾದರೂ ಬನ್ನಿ. ಕಾಫಿ ಕುಡಿದು ಹೋಗಬಹುದು. ಗುರುತಿಸಲು ಅಂತ ನಿಮ್ಮ ಕೆರೆಯ ಕಳೆ ತರುವುದಾದರೆ ಮುಚ್ಚಳ ಇರುವ ಡಬ್ಬಿಯಲ್ಲಿ ತನ್ನಿ, ವಾಪಸ್ ಹೋಗುವಾಗ ಅದನ್ನು ನಮ್ಮ ಒಲೆಗೆ ಹಾಕಿ ಹೋಗಿ.

ಇಂತಿ,
ಲಕ್ಷ್ಮಣತೀರ್ಥದ ಮೇಲ್ಬದಿಯ ಒಬ್ಬ ಕಾಫಿ ಬೆಳೆಗಾರ
ದಕ್ಷಿಣ ಕೊಡಗು